ಕಮಲಾಕ್ಷಿ ಆಂಟಿ ಹಿಡಿದಿಟ್ಟ ಸೀಟು

ಕಮಲಾಕ್ಷಿ ಆಂಟಿ ಬಸ್ಸಿನಲ್ಲಿ ಒಂದು ಸೀಟಿಗೆ ತೃಪ್ತಿಪಟ್ಟವರೇ ಅಲ್ಲ. ಒಂದರಲ್ಲಿ ತಾವು ಕೂತು, ಪಕ್ಕದ್ದರ ಮೇಲೆ ನೀಲಿ ಅಂಚಿನ ಬಿಳಿ ಟವೆಲು ಹಾಸಿ, ಅದರ ಮೇಲೊಂದು ಕೈ ಇಟ್ಟುಕೊಂಡರೇನೇ ಅವರಿಗೆ ಪ್ರಯಾಣ ಶುರುವಾದಂತೆ. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲು ಎಸೆದು ಸೀಟು ಹಿಡಿದು ಬೆಳೆದ ಹೆಂಗಸು. ಬ್ರಿಸ್ಬೇನಿನ ಬಸ್ಸುಗಳಿಗೆ ತೆರೆಯುವ ಕಿಟಕಿಯೇ ಇಲ್ಲ ಎನ್ನುವುದು ಆಸ್ಟ್ರೇಲಿಯಾದ ಮೇಲೆ ಅವರಿಗಿದ್ದ ದೊಡ್ಡ ದೂರು. ಬಸ್ಸು ಖಾಲಿ ಹೊಡೆಯುತ್ತಿದ್ದರೂ ಟವೆಲು ಹಾಸಲೇಬೇಕು. "ಮೊದಲು ಸೀಟು, ಆಮೇಲೆ ಸೀನರಿ" ಎನ್ನುತ್ತಿದ್ದರು.

ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮರದ ಬೇಲಿ. ನಾನು ಇಪ್ಸ್‌ವಿಚ್ ಕಡೆಯ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ ಮಾಡಿಕೊಂಡಿದ್ದೆ. ಒಮ್ಮೆ ಅವರನ್ನು ರೈಲಿನಲ್ಲಿ ಆ ಊರಿಗೆ ಕರೆದುಕೊಂಡು ಹೋಗಿದ್ದೆ. ಎದುರಿಗಿದ್ದ ಬಿಳಿಯ ಮುದುಕರೊಬ್ಬರು, ಪಾಪ, ಟವೆಲು ಜಾರಿ ಬಿದ್ದಿದೆ ಎಂದುಕೊಂಡು ಎತ್ತಿ ಕೊಟ್ಟರು. ಆಂಟಿ ಥ್ಯಾಂಕ್ಯೂ ಹೇಳಿ ಮತ್ತೆ ಅಲ್ಲೇ ಹಾಸಿದರು. ಅವರು ಮತ್ತೆ ಎತ್ತಿ ಕೊಟ್ಟರು. ಇವರು ಮತ್ತೆ ಹಾಸಿದರು. ಇಳಿಯುವ ತನಕ ಇಬ್ಬರಲ್ಲಿ ಒಬ್ಬರೂ ಸೋಲಲಿಲ್ಲ, ನಾನು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಿದ್ದೇ ನಕ್ಕಿದ್ದು.

ಆ ಪಕ್ಕದ ಸೀಟು ಶ್ರೀನಿವಾಸ ಅಂಕಲ್‌ದು. ಅಂಕಲ್ ಸಾವಧಾನದ ಮನುಷ್ಯ, ಎಲ್ಲರೂ ಹತ್ತಿದ ಮೇಲೆ ಹತ್ತುವವರು. ಅಡಿಲೇಡಿನಲ್ಲಿರುವ ತಂಗಿಯ ಮಗನ ಮನೆಗೆ ಹೋಗಿದ್ದಾಗ ಗಂಡ ಹೆಂಡತಿ ಸಮುದ್ರ ನೋಡಲು ಟೂರಿಸ್ಟ್ ಬಸ್ಸು ಹತ್ತಿದ್ದರು. ದಾರಿಯಲ್ಲಿ ಸರ್ವೋ ಹತ್ತಿರ, ಅಂದರೆ ಪೆಟ್ರೋಲ್ ಬಂಕಿನ ಬಳಿ, ಬಸ್ಸು ನಿಂತಾಗ ಅಂಕಲ್ ಕಾಫಿ ತರಲು ಇಳಿದರು. ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಒಳಗೆ ಆಂಟಿಗೆ ಏನೂ ಗೊತ್ತಿಲ್ಲ. ಟವೆಲಿನ ಮೇಲೆ ಕೈ ಇಟ್ಟುಕೊಂಡು, ಅವರು ಬರ್ತಾರೆ, ಒಂಚೂರು ನಿಲ್ಸಿ ಎಂದು ಡ್ರೈವರನಿಗೆ ಕನ್ನಡದಲ್ಲೇ ಹೇಳುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಪರ್ತ್‌ನಲ್ಲಿರುವ ಅವರ ಒಬ್ಬಳೇ ಮಗಳು ದೀಪ್ತಿ. ಆಂಟಿ ನನ್ನ ಹತ್ತಿರ ಆ ದಿನದ ಮಾತೇ ಎತ್ತಿದವರಲ್ಲ.

ಅಂಕಲ್ ಹೋದ ಮೇಲೂ ಆಂಟಿ ಟವೆಲು ಹಾಸುವುದನ್ನು ಬಿಡಲಿಲ್ಲ. ಜೊತೆಗೆ ಹೋದವರು ಬಂದು ನಿಂತರೆ ಅದನ್ನೆತ್ತಿ ಮಡಿಚಿ ಜಾಗ ಕೊಡುತ್ತಿದ್ದರು. ಬಹಳಷ್ಟು ಸಲ ಆ ಜಾಗ ನನಗೆ ಸಿಗುತ್ತಿತ್ತು. ದೀಪ್ತಿಗೆ ಅಮ್ಮ ಒಬ್ಬರೇ ಇರುವುದು ಸುತರಾಂ ಇಷ್ಟವಿರಲಿಲ್ಲ. ಕ್ಯಾಲಮ್‌ವೇಲ್ ಮನೆ ಮಾರಿ ಪರ್ತ್‌ನ ಸದರ್ನ್ ರಿವರ್‌ನಲ್ಲಿರುವ ತನ್ನ ಮನೆಗೆ ಬಂದುಬಿಡು ಎಂದು ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಜಗಳ. ಆಂಟಿಯದು ಒಂದೇ ಉತ್ತರ: "ನನ್ನ ತಲೆ ನೆಟ್ಟಗಿರೋ ತನಕ ನನ್ನ ಮನೆ ಬಿಡಲ್ಲ." ಆ ಮನೆಯ ಕರಿಬೇವಿನ ಗಿಡ, ಬಾಗಿಲ ರಂಗೋಲಿ, ತಾವೇ ಓಡಿಸುವ ಹಳೆಯ ಕಾರು, ಇದಿಷ್ಟೇ ಅವರಿಗೆ ಉಳಿದಿದ್ದ ರಾಜ್ಯ. ಅದನ್ನು ಬಿಟ್ಟುಕೊಡುವ ಇರಾದೆ ಅವರಿಗೆ ಇರಲಿಲ್ಲ.

ಹೀಗಿರುವಾಗ ಒಂದು ದಿನ ಬೇಲಿಯ ಆಚೆಯಿಂದ, ಜಪಾನ್ ನೋಡಬೇಕು, ನೀನು ಬಾ ಎಂದರು. ಮಗಳು ತಾನು ರಜೆ ಹಾಕುತ್ತೇನೆ ಎಂದು ಗೋಗರೆದರೂ ಕೇಳಲಿಲ್ಲ, ನಾನೇ ಆಗಬೇಕಂತೆ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ದೀಪ್ತಿ ನನ್ನ ಜೊತೆ ಸ್ವಲ್ಪ ದಿನ ಬಿಗುವಾಗಿಯೇ ಮಾತಾಡಿದಳು.

ಕ್ಯೋಟೋದಲ್ಲಿ ದೇವಸ್ಥಾನಗಳನ್ನು ನೋಡಿ ಕಾಲು ಬಿದ್ದುಹೋದ ಮೇಲೆ, ಒಂದು ದಿನ ಸಮುದ್ರದ ಕಡೆ ಹೋಗೋಣವೆಂದು ರೈಲು ಹತ್ತಿ ಅಮಾನೊಹಾಶಿದಾತೆಗೆ ಹೋದೆವು. ಕೊಲ್ಲಿಗೆ ಅಡ್ಡಲಾಗಿ ಪೈನ್ ಮರಗಳು ತುಂಬಿದ ಉದ್ದನೆಯ ಮರಳಿನ ದಿಣ್ಣೆ ಅಲ್ಲಿಯ ವಿಶೇಷ. ಗುಡ್ಡದ ಮೇಲೆ ನಿಂತು, ಬೆನ್ನು ತಿರುಗಿಸಿ, ಬಗ್ಗಿ, ಕಾಲುಗಳ ಸಂದಿಯಿಂದ ಅದನ್ನು ತಲೆಕೆಳಗಾಗಿ ನೋಡಬೇಕು, ಆಗ ಅದು ಆಕಾಶಕ್ಕೆ ಹಾಕಿದ ಸೇತುವೆಯಂತೆ ಕಾಣುತ್ತದೆ ಎನ್ನುವುದು ಅಲ್ಲಿಯವರ ಪದ್ಧತಿ. ನಾನು ನಾಚಿಕೊಂಡು ನಿಂತೆ. ಆಂಟಿ ಸ್ನೀಕರ್ಸ್ ಮೇಲೆ ಉಟ್ಟಿದ್ದ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ಬಗ್ಗಿಯೇ ಬಿಟ್ಟರು. ಎದ್ದವರೇ, ಸೇತುವೆಯೂ ಇಲ್ಲ ಏನೂ ಇಲ್ಲ, ಸೊಂಟ ಹಿಡಿದದ್ದೇ ಲಾಭ ಎಂದು ಘೋಷಿಸಿದರು. ಅಕ್ಕಪಕ್ಕದ ಜಪಾನಿಗಳಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿದು ನಕ್ಕರು. ಅಲ್ಲಿಯ ತನಕ ಅವರು ನಾನು ಕಂಡ ಅದೇ ಆಂಟಿ.

ಅಲ್ಲಿಂದ ಕಡಲಂಚಿನಲ್ಲೇ ಸಾಗುವ ಬಸ್ಸಿನಲ್ಲಿ ಇನೆ ಎಂಬ ಬೆಸ್ತರ ಹಳ್ಳಿಗೆ ಹೊರಟೆವು. ಆಂಟಿ ಎಂದಿನಂತೆ ಮುಂಚೆ ಹತ್ತಿ, ಸಮುದ್ರದ ಬದಿಯ ಸೀಟು ಹಿಡಿದು, ಟವೆಲು ಹಾಸಿದ್ದರು. ನಾನು ಹೋಗಿ ನಿಂತೆ. ಅವರು ಟವೆಲು ಎತ್ತದೆ, ನೀನು ಅಲ್ಲಿ ಕೂತ್ಕೋ ಎಂದು ಆಚೆ ಬದಿಯ ಸೀಟು ತೋರಿಸಿದರು. ಬ್ಯಾಗು ಇಡಬೇಕೇನೋ ಎಂದುಕೊಂಡು ಕೂತೆ. ಮುಂದಿನ ಸ್ಟಾಪುಗಳಲ್ಲಿ ಜನ ತುಂಬುತ್ತಾ ಬಂದರು. ಬೆನ್ನು ಬಾಗಿದ ಒಬ್ಬ ಅಜ್ಜಿ ತರಕಾರಿ ಚೀಲ ಹಿಡಿದುಕೊಂಡು ಆಂಟಿಯ ಪಕ್ಕದಲ್ಲೇ ನಿಂತರು. ನನಗೆ ಮುಜುಗರವಾಗಿ, ಟವೆಲು ತೆಗೀರಿ ಆಂಟಿ, ಪಾಪ ಅವರು ಕೂರಲಿ ಎಂದೆ.

ಆಂಟಿ ನನ್ನ ಕಡೆ ತಿರುಗಿದರು. ಮುಖದಲ್ಲಿ ಗಾಬರಿಯಿಲ್ಲ, ಏನೂ ಇಲ್ಲ.

"ಅವರು ಕೂರ್ಬೇಕಲ್ಲೇ ಸುಮಾ. ಕಾಫಿ ತರಕ್ಕೆ ಇಳಿದಿದಾರೆ, ಬರ್ತಾರೆ. ಡ್ರೈವರ್‌ಗೆ ಒಂಚೂರು ನಿಲ್ಸು ಅಂತ ಹೇಳು."

ತಮಾಷೆ ಇರಬಹುದೇ ಎಂದು ಮುಖ ನೋಡಿದೆ, ಅವರ ಕಣ್ಣು ಬಸ್ಸಿನ ಬಾಗಿಲಲ್ಲಿತ್ತು. ಅಡಿಲೇಡಿನ ಚಿತಾಗಾರದಲ್ಲಿ ಅವರ ಭುಜ ಹಿಡಿದುಕೊಂಡು ನಿಂತಿದ್ದವಳು ನಾನು. ಏನು ಹೇಳಲಿ? ಎದ್ದು ಅಜ್ಜಿಗೆ ನನ್ನ ಸೀಟು ಬಿಟ್ಟುಕೊಟ್ಟೆ. ಅವರು ಬಗ್ಗಿ ಬಗ್ಗಿ ವಂದಿಸಿದರು. ನಾನು ಕಂಬಿ ಹಿಡಿದು ನಿಂತೆ. ಹೊರಗೆ ಅಷ್ಟು ಚೆಂದದ ಸಮುದ್ರ ಹೋಗುತ್ತಿತ್ತು, ನನಗೆ ಅದರ ಬಣ್ಣವೂ ನೆನಪಿಲ್ಲ.

ಇನೆಯಲ್ಲಿ ಇಳಿಯುವಾಗ ಆಂಟಿ ತಾವೇ ಟವೆಲು ಮಡಿಚಿ ಬ್ಯಾಗಿಗೆ ಹಾಕಿಕೊಂಡರು. ಅಲ್ಲಿಯ ಮನೆಗಳು ನೀರಿನ ಮೇಲೇ ಕಟ್ಟಿದಂತಿವೆ, ಕೆಳಗಿನ ಅಂತಸ್ತಿನೊಳಗೆ ಸಮುದ್ರವೇ ಬಂದು ದೋಣಿ ನಿಲ್ಲುತ್ತದೆ. ಕೆಳಗೆ ದೋಣಿ, ಮೇಲೆ ಸಂಸಾರ, ಎಷ್ಟು ಅಚ್ಚುಕಟ್ಟು ನೋಡು ಎಂದು ಆಂಟಿ ಮೆಚ್ಚಿಕೊಂಡರು. ದಡದ ಬೆಂಚಿನ ಮೇಲೆ ಮೆಂತ್ಯದ ಚಪಾತಿಯ ಪೊಟ್ಟಣ ಬಿಚ್ಚಿ, ಹದ್ದು ಎರಗೀತು ಎಂದು ನನ್ನನ್ನೇ ಎಚ್ಚರಿಸಿದರು. ಎಲ್ಲವೂ ಸರಿಯಾಗಿತ್ತು. ಅದಕ್ಕೇ ನನಗೆ ಇನ್ನೂ ಭಯವಾಗಿದ್ದು. ಅವರ ಒಂದೊಂದು ಮಾತನ್ನೂ ಪರೀಕ್ಷೆಯ ಪೇಪರು ತಿದ್ದುವಂತೆ ಕೇಳಿಸಿಕೊಳ್ಳುತ್ತಿದ್ದೆ.

ಕ್ಯೋಟೋಗೆ ಮರಳುವ ರೈಲಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಸ್ಸಲ್ಲಿ ನಾನು ಏನೋ ಅಂದೆ, ಅಲ್ವಾ?" ಎಂದರು. "ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ. ಏನಂದೆ ಹೇಳು."

ಏನಿಲ್ಲ ಬಿಡಿ ಆಂಟಿ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

"ಇದಕ್ಕೇ ಕಣೇ ನಿನ್ನ ಕರ್ಕೊಂಡ್ ಬಂದಿದ್ದು. ದೀಪ್ತಿ ಆಗಿದ್ರೆ ಅತ್ಕೊಂಡು ಮುಚ್ಚಿಡ್ತಿದ್ಲು. ಮನೇಲಿ ಒಬ್ಬಳೇ ಇದ್ರೆ ನನಗೆ ಯಾರು ಹೇಳ್ತಾರೆ? ನಾಲ್ಕು ದಿನ ನನ್ನ ಜೊತೆಗೇ ಇದ್ದು ನೋಡಿದೀಯ. ನನ್ನ ತಲೆ ನೆಟ್ಟಗಿದೆಯಾ, ಇಲ್ವಾ?"

ಇಷ್ಟು ದೂರ ನನ್ನನ್ನು ಕರೆತಂದದ್ದು ಜೊತೆಗಲ್ಲ, ತೀರ್ಪಿಗೆ ಎಂದು ಆಗ ತಿಳಿಯಿತು. ಇಲ್ಲ ಎಂದರೆ ಅವರ ಮನೆ, ಕಾರು, ಕರಿಬೇವಿನ ಗಿಡ ಎಲ್ಲ ಹೋಗುತ್ತದೆ. ಇದೆ ಎಂದರೆ ನಾಳೆ ಆ ಕಾರಿನಲ್ಲಿ ಏನಾಗುತ್ತದೋ. ಅವರು ಕಣ್ಣು ಕೀಳದೆ ಕಾಯುತ್ತಿದ್ದರು. ಅಂಕಲ್ ಕಾಫಿ ತರಲು ಇಳಿದಿದ್ದಾರೆ, ಬರುತ್ತಾರೆ ಎಂದಿರಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಆಂಟಿ ಅಳಲಿಲ್ಲ. ಹ್ಞೂಂ ಎಂದು ಕಿಟಕಿಯಾಚೆ ನೋಡಿದರು. ರೈಲಿನೊಳಗೆ ಫೋನಿನಲ್ಲಿ ಮಾತಾಡಬಾರದೆಂದು ಕ್ಯೋಟೋ ಬರುವ ತನಕ ಕಾದು, ಪ್ಲಾಟ್‌ಫಾರ್ಮಿಗೆ ಇಳಿದವರೇ ಪರ್ತ್‌ಗೆ ಫೋನು ಹಚ್ಚಿ, "ದೀಪ್ತಿ, ಮನೆ ಮಾರೋಣ ಕಣೇ, ನಾನು ಅಲ್ಲಿಗೇ ಬರ್ತೀನಿ" ಎಂದರು. ಯಾಕೆ ಎಂದು ಮಗಳು ಕೇಳಿರಬೇಕು. ಮೊಮ್ಮಕ್ಕಳನ್ನು ನೋಡ್ಕೊಂಡು ಇರ್ತೀನಿ ಎಂದಷ್ಟೇ ಹೇಳಿ ಇಟ್ಟರು. ಉಳಿದದ್ದನ್ನು ದೀಪ್ತಿಗೆ ಹೇಳುವ ಕೆಲಸ ನನ್ನದಾಯಿತು.

ಈಚೆಗೆ ಆಫೀಸಿನ ಕೆಲಸಕ್ಕೆ ಪರ್ತ್‌ಗೆ ಹೋದಾಗ ಸದರ್ನ್ ರಿವರ್‌ಗೂ ಹೋಗಿದ್ದೆ. ಆಂಟಿ ಹಿತ್ತಲ ನೆರಳಿನಲ್ಲಿ ಕೂತಿದ್ದರು, ಸಣ್ಣಗಾಗಿದ್ದರು, ಜಡೆ ಮಾತ್ರ ಒಪ್ಪವಾಗಿತ್ತು. ಮೊಮ್ಮಗಳು ಬಂದು ಇಂಗ್ಲಿಷಿನಲ್ಲಿ ನನ್ನ ಪರಿಚಯ ಮಾಡಿಕೊಟ್ಟಳು. ಕ್ಯಾಲಮ್‌ವೇಲ್‌ನ ಸುಮಾ ಅಂದೆ. ಗೊತ್ತಾದವರಂತೆ ನಕ್ಕು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಜಪಾನಿನ ಕಥೆ ಹೇಳತೊಡಗಿದರು. ಗುಡ್ಡದ ಮೇಲೆ ಬಗ್ಗಿದ್ದು, ಸೊಂಟ ಹಿಡಿದದ್ದು, ನೀರಿನೊಳಗಿನ ಮನೆಗಳು, ಹದ್ದು, ಒಂದೂ ತಪ್ಪಿರಲಿಲ್ಲ. ಕಥೆ ಇನೆಯ ಬಸ್ಸಿನ ಹತ್ತಿರ ಬಂತು. ಬಸ್ಸು ಇನ್ನೇನು ಹೊರಡಬೇಕು, ಅಷ್ಟರಲ್ಲಿ ನಿಮ್ಮ ಅಂಕಲ್ ಎರಡು ಕಾಫಿ ಹಿಡ್ಕೊಂಡು ಹತ್ತಿದ್ರು ಎಂದರು. ದಾರಿಯುದ್ದಕ್ಕೂ ಇಬ್ಬರೂ ಸಮುದ್ರ ನೋಡಿಕೊಂಡು ಹೋದರಂತೆ.

ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎಂದೂ ಕಂಡಿರಲಿಲ್ಲ. ನನ್ನ ಕೈ ತಟ್ಟಿ, "ನೀನೂ ಬರ್ಬೇಕಿತ್ತು ಕಣೇ" ಎಂದರು.

"ಹೌದು ಆಂಟಿ, ಬರ್ಬೇಕಿತ್ತು" ಎಂದೆ.