ಅಮಾವಾಸ್ಯೆಗೊಮ್ಮೆ ಚಾಲೂ ಆಗುತ್ತಿದ್ದ ಗಾಡಿ

ನಮ್ಮ ಮನೆಯ ಟ್ರಕ್ಕಿಗೆ ಸರ್ವಿಸಿಂಗ್ ಯಾವಾಗ ಎಂದು ಯಾರಾದರೂ ಕೇಳಿದರೆ ನನ್ನ ಅತ್ತೆ ಪಂಚಾಂಗ ನೋಡುತ್ತಿದ್ದರು. ಅಮಾವಾಸ್ಯೆ ಬಂತೆಂದರೆ ಬೆಳಿಗ್ಗೆ ಸ್ನಾನ ಮಾಡಿ, ತೆಂಗಿನಕಾಯಿ, ಊದಿನಕಡ್ಡಿ, ನಿಂಬೆಹಣ್ಣು, ಒಂದು ತಂಬಿಗೆ ನೀರು ಹಿಡಿದುಕೊಂಡು ಮಾರ್ಕೆಟ್ ಯಾರ್ಡಿನ ಹಿಂದಿನ ಬಯಲಿಗೆ ಹೊರಡುವುದು. ಗಾಡಿ ಅಲ್ಲಿ ನಿಂತಿರುತ್ತಿತ್ತು. ಅತ್ತೆ ಗಾಜಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಗಾಲಿಗಳ ಮುಂದೆ ನಿಂಬೆಹಣ್ಣು ಇಡುವರು. ನಮ್ಮವರು ಮೇಲೆ ಹತ್ತಿ ಚಾವಿ ತಿರುಗಿಸುವರು. ಇಂಜಿನ್ ಕೆಮ್ಮಿ, ಕರಿ ಹೊಗೆ ಕಾರಿ, ಗಡಗಡ ಎನ್ನುವುದು. ನಿಂಬೆಹಣ್ಣು ಜಜ್ಜುವಷ್ಟೇ ಗಾಡಿ ಮುಂದೆ ಸರಿಯುವುದು. ಆಮೇಲೆ ನಾವು ಕೊಬ್ಬರಿ ಹೋಳು ತಿಂದು ಮುಗಿಸುವ ತನಕ ನಿಂತಲ್ಲೇ ಓಡಿ, ಬಂದ್. ಮುಂದಿನ ಅಮಾವಾಸ್ಯೆವರೆಗೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

"ತಿಂಗಳಿಗೊಮ್ಮೆ ಉಸರು ಕೊಟ್ರ ಗಾಡಿ ಸಾಯೂದಿಲ್ಲ ಯವ್ವಾ" ಎಂಬುದು ಅತ್ತೆಯ ನಂಬಿಕೆ. ವಿಜಯಪುರದ ಕಡೆಯಿಂದ ಪುಣೆಗೆ ಬಂದು ವ್ಯಾಪಾರ ಹಿಡಿದ ನಮ್ಮ ಜನ ಅಮಾವಾಸ್ಯೆಯ ದಿನ ಅಂಗಡಿ, ತಕ್ಕಡಿ, ಗಾಡಿ ಎಲ್ಲಕ್ಕೂ ಪೂಜೆ ಮಾಡುವವರೇ. ಆದರೆ ಅವರ ಗಾಡಿಗಳು ಪೂಜೆ ಮುಗಿದ ಮೇಲೆ ಬಾಡಿಗೆಗೆ ಹೋಗುತ್ತವೆ. ನಮ್ಮದು ಪೂಜೆಗೆ ಮಾತ್ರ ಬದುಕಿತ್ತು.

ಇದಕ್ಕೆಲ್ಲ ಕಾರಣ ನಮ್ಮವರ ಬಲಗಾಲು. ಈರುಳ್ಳಿ ಚೀಲಗಳ ಮೇಲೆ ತಾಡಪತ್ರಿ ಬಿಗಿಯುವಾಗ ಕಾಲು ಜಾರಿ ಕೆಳಗೆ ಬಿದ್ದು, ತೊಡೆಯ ಎಲುಬು ಮುರಿದು, ಒಳಗೆ ರಾಡ್ ಕೂಡಿಸಿದ್ದರು. ಕಾಲು ಕೂಡಿತು. ಇನ್ನು ಧಾರಾಳವಾಗಿ ಗಾಡಿ ನಡೆಸಿ ಎಂದು ಡಾಕ್ಟರೂ ಹೇಳಿದರು. ಇವರು ಮಾತ್ರ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ ಕುರ್ಚಿ ಹಿಡಿದು, ಮಂದಿಯ ಗಾಡಿಗಳಿಗೆ ಮಾಲು ಬುಕ್ ಮಾಡುತ್ತ ಕುಳಿತುಬಿಟ್ಟರು. ಮೊದಲೆಲ್ಲ ಸೋಲಾಪುರದ ರಸ್ತೆಯಿಂದ ಮನೆಗೆ ಬಂದರೆ ಕೈಕಾಲು ತೊಳೆಯುವ ಮೊದಲೇ ಕಥೆ ಶುರು: ಎಲ್ಲಿ ಟೈರು ಪಂಕ್ಚರ್ ಆಯಿತು, ಯಾವ ಧಾಬಾದವನು ಚಹಾದಲ್ಲಿ ನೀರು ಸುರಿದ, ಯಾರ ಜೊತೆ ಜಗಳ. ಆಗ ನಾನು "ಸಾಕು ಮಾಡ್ರಿ" ಎಂದು ಗೊಣಗುತ್ತಿದ್ದೆ. ಈಗ ಮನೆಗೆ ಬಂದು ಟಿವಿ ಮುಂದೆ ಕುಳಿತರೆ ಪಲ್ಯಕ್ಕೆ ಉಪ್ಪು ಕಡಿಮೆ ಎನ್ನುವುದಕ್ಕೂ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಗಂಡ ಇದ್ದೂ ಇಲ್ಲದ ಹಾಗೆ ಆಗಿ ನನಗೆ ಬಹಳ ಸಂಕಟವಾಗುತ್ತಿತ್ತು.

ಒಂದು ದಿನ ಊಟ ಮಾಡುತ್ತ, ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ಭಂಗಾರದಂವ ಗಾಡಿ ಕೇಳ್ಯಾನ. ಅಮಾಸಿ ಮರುದಿನ ಮನಿಗೆ ಬಾ, ಹೇಳ್ತೀನಿ ಅಂದೀನಿ."

ಭಂಗಾರದವನು ಎಂದರೆ ಗುಜರಿಯವನು. ಗಾಡಿ ಕೊಂಡು, ಬಿಚ್ಚಿ, ಕಬ್ಬಿಣವನ್ನು ತೂಕಕ್ಕೆ ಹಾಕುವವನು. ನನಗೆ ನೆತ್ತಿಗೆ ಸಿಟ್ಟೇರಿತು.

"ಮನ್ಯಾಗ ಒಂದು ಮಾತು ಕೇಳಬೇಕಂತ ಅನಿಸಲಿಲ್ಲೇನ್ರಿ?"

"ಓಡದ ಗಾಡಿ ಇಟಗೊಂಡು ಏನ ಮಾಡೂದದ?" ಎಂದು ಕೈ ತೊಳೆಯಲು ಎದ್ದರು. ಗಾಡಿ ಹೋದರೆ ಹೋಗಲಿ, ಅದರ ಜೊತೆ ಇವರೂ ಪೂರ್ತಿ ಕುರ್ಚಿಗೇ ಅಂಟಿಬಿಡುತ್ತಾರೆ ಎಂಬ ಭಯ ನನ್ನದು.

ಮರುದಿನವೇ ಯಾರ್ಡಿನ ಹತ್ತಿರದ ಮೆಕ್ಯಾನಿಕನ ಬಳಿ ಹೋದೆ. ಅಕ್ಕಲಕೋಟೆಯ ಕಡೆಯವನು, ಬಾಯಿಬಡುಕ, ಅರ್ಧ ಕನ್ನಡ ಅರ್ಧ ಮರಾಠಿ. ಗಾಡಿಗೆ ಇನ್ನೂ ಜೀವ ಇದೆಯೇ ನೋಡಿ ಹೇಳು ಎಂದು ಕರೆದುಕೊಂಡು ಬಂದೆ. ಅವನು ಇಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಒಳಬದಿಯನ್ನು ನನಗೆ ತೋರಿಸಿದ. ಬೆಳ್ಳಗೆ, ಮೊಸರಿನ ಕೆನೆ ಮೆತ್ತಿದ ಹಾಗೆ ಏನೋ ಅಂಟಿತ್ತು.

"ಇದ್ರಾಗ ಯಾರು ಮಜ್ಜಗಿ ಸುರದಾರಪ್ಪ?" ಎಂದೆ.

"ನೀರು ರೀ ವೈನಿ. ಗಾಡಿ ನಿಂತಲ್ಲೇ ಹತ್ತು ಮಿನಿಟ್ ಚಾಲೂ ಇಟ್ರ ಇಂಜಿನ್ ಪೂರಾ ಕಾಯೂದಿಲ್ಲ. ಒಳಗಿನ ಹಸಿ ಆರೂದಿಲ್ಲ, ಆಯಿಲ್‌ದಾಗ ಕೂಡತದ. ಹಿಂಗ ಮಾಡೂದಕ್ಕಿಂತ ಮುಟ್ಟಲಾರದ ಬಿಟ್ಟಿದ್ರ ಬರೋಬ್ಬರಿ ಇರತಿತ್ತು."

"ಆಯಿಲ್ ಬದಲಿ ಮಾಡೂ ಅಷ್ಟು ಎಲ್ಲಿ ಓಡ್ಯದ ಅದು?"

"ಅಲ್ಲೇ ಎಲ್ಲಾರೂ ತಪ್ಪೂದು. ನಿಂತ ಗಾಡಿಗೆ ಕಿಲೋಮೀಟರ್ ನೋಡಬಾರದು, ಕ್ಯಾಲೆಂಡರ್ ನೋಡಬೇಕು. ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್. ಡೀಸೆಲ್‌ದಾಗಿನ ನೀರು ಆಗಾಗ ಬಿಡಬೇಕು. ತಿಂಗಳಿಗೊಮ್ಮೆರೆ ರಸ್ತಾಕ್ಕ ಇಳಿಸಿ, ಘಾಟ್ ಹತ್ತಿಸಿ, ಕಾಯಿಸಬೇಕು."

ಅಂದರೆ ನಾವು ಇಷ್ಟು ದಿನ ಭಕ್ತಿಯಿಂದ ಮಾಡಿದ್ದು ಗಾಡಿಯ ಮೂಗಿಗೆ ತುಪ್ಪ ಸವರುವ ಕೆಲಸ. ನನಗೆ ರೇಗಿತು. "ಈ ಮಾತು ನಮ್ಮವರಿಗೆ ಮೊದಲ ಹೇಳೂದಕ್ಕ ಏನಾಗಿತ್ತು?" ಎಂದು ಅವನ ಮೇಲೆ ಹರಿಹಾಯ್ದೆ.

ಅವನು ನಕ್ಕ. "ನಾ ಅವರಿಗೆ ಹೇಳೂದಾ? ನನಗ ಇದನ್ನ ಕಲಿಸಿದವರ ಅವರು ರೀ. ನಿಂತಲ್ಲೇ ಗಾಡಿ ಚಾಲೂ ಇಟ್ಟವರಿಗೆ ಇದ ಯಾರ್ಡಿನಾಗ ಎಷ್ಟು ಬೈತಿದ್ರು ಗೊತ್ತದೇನು?"

ಅಂದರೆ ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಅಮಾವಾಸ್ಯೆ ಚಾವಿ ತಿರುಗಿಸಿ, ಬಂದ್ ಮಾಡಿ, ಇಳಿದು ಬರುತ್ತಿದ್ದರು. ರಸ್ತೆಗೆ ಇಳಿಸಲು ಅವರಿಗೆ ಹೆದರಿಕೆ. ಬ್ರೇಕ್ ಒತ್ತುವುದು ಬಲಗಾಲು, ಮುರಿದದ್ದೂ ಅದೇ. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆದಿರಲಿಲ್ಲ. ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ, ಆ ಮನುಷ್ಯನ ಮೇಲೆ ಕನಿಕರವೂ ಪ್ರೀತಿಯೂ ಒಟ್ಟಿಗೇ ಬಂದವು.

ಮೆಕ್ಯಾನಿಕನಿಗೆ ಆಯಿಲ್, ಫಿಲ್ಟರ್, ಬ್ಯಾಟರಿ, ಬ್ರೇಕು, ಇಲಿ ಕಡಿದ ವೈರು ಎಲ್ಲ ಸರಿ ಮಾಡಲು ಹೇಳಿದೆ. ನಮ್ಮವರು ಕೇಳಿದಾಗ "ಅಮಾಸಿ ಪೂಜಾಕ್ಕ ಚಾಲೂ ಆಗಬೇಕಲ್ರಿ" ಎಂದೆ. ಪೂಜೆ ಎಂದ ಮೇಲೆ ಅವರ ಬಾಯಿ ಬಂದ್. ಮುಂದಿನ ಕೆಲಸಕ್ಕೆ ಅತ್ತೆ ಬೇಕಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಯವಾಗಿ ಎಲ್ಲ ಹೇಳಿದೆ. ತಮ್ಮ ಪೂಜೆಯಿಂದ ಗಾಡಿ ಕೆಟ್ಟಿತು ಎಂದರೆ ಎಲ್ಲಿ ಮುನಿಸಿಕೊಳ್ಳುತ್ತಾರೋ ಎಂಬ ಅಳುಕಿತ್ತು. ಅವರು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಬಾಯಿಗೆ ಹಾಕಿಕೊಂಡರು.

"ಪೂಜಾ ತಪ್ಪಲ್ಲ, ಜಾಗಾ ತಪ್ಪು" ಎಂದರು. "ಈ ಸಲದ ಅಮಾಸಿ ಘಾಟಿನ ಆಚಿಗಿನ ಜೇಜುರಿಯೊಳಗ. ನಮ್ಮ ಮೈಲಾರಲಿಂಗನ ಅಲ್ಲಿ ಖಂಡೋಬಾ ಆಗಿ ಕೂತಾನ. ಅಂವನ ಮುಂದ ಗಾಡಿ ನಿಂದರಿಸಿ ಕಾಯಿ ಒಡೀತೀನಿ. ಇಲ್ಲ ಅನ್ಲಿ ನೋಡೂಣು ನನ್ನ ಮಗ."

ಮಗ ಇಲ್ಲ ಎನ್ನಲಿಲ್ಲ. ಅಮಾವಾಸ್ಯೆಯ ದಿನ ನಸುಕಿನಲ್ಲಿ ಹೊರಟೆವು. ನಡುವೆ ಅತ್ತೆ, ಅವರ ಮಡಿಲಲ್ಲಿ ಕಾಯಿಯ ಚೀಲ, ಕಿಟಕಿಯ ಕಡೆ ನಾನು. ಹಡಪ್ಸರ್ ದಾಟಿ, ದಿವೆ ಘಾಟಿನ ಬುಡಕ್ಕೆ ಬಂದಾಗ ನಮ್ಮವರು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದರು.

"ಅವ್ವಾ, ನೀವಿಬ್ರೂ ಇಳೀರಿ. ಹಿಂದಿನ ಬಸ್ಸಿಗೆ ಬರ್ರಿ. ನನ್ನ ಕಾಲಿನ ಮ್ಯಾಲ ನನಗ ಭರೋಸಾ ಇಲ್ಲ."

ಬಿದ್ದ ದಿನದಿಂದ ಈ ಮಾತನ್ನು ಅವರು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅತ್ತೆ ಎದುರಿನ ರಸ್ತೆಯನ್ನೇ ನೋಡುತ್ತ, "ನನಗ ಅದ. ನಡಿ" ಎಂದರು. ನಾನು, "ಇಷ್ಟು ಎತ್ತರದಿಂದ ನನಗ ಇಳೀಲಿಕ್ಕೂ ಬರೂದಿಲ್ಲ" ಎಂದೆ. ಅದು ನಿಜವೂ ಆಗಿತ್ತು.

ಗಾಡಿ ಘಾಟು ಹತ್ತಿತು. ಮೊದಲ ತಿರುವುಗಳಲ್ಲಿ ಹಿಂದೆ ಕರಿ ಮೋಡ ಕಟ್ಟಿದಂತೆ ಹೊಗೆ, ಆಮೇಲೆ ತಿಳಿಯಾಯಿತು. ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಎದ್ದು ನಡುಮಟ್ಟಕ್ಕೆ ಬಂದು ನಿಂತಿತು. ಇಂಜಿನ್ನಿನ ಕೆಮ್ಮು ಹೋಗಿ ಒಂದೇ ಸಮನೆ ದನಿ ಬಂತು. ಎದುರಿಗೆ ಅಡ್ಡ ಬಂದ ಒಬ್ಬ ಕಾರಿನವನಿಗೆ ನಮ್ಮವರು ಕಿಟಕಿಯಿಂದ ತಲೆ ಹೊರಹಾಕಿ ಮರಾಠಿಯಲ್ಲಿ ಬೈದರು. ಬೈಗುಳ ಕೇಳಿ ಇಷ್ಟು ಖುಷಿಯಾದದ್ದು ನನಗೆ ಜನ್ಮದಲ್ಲಿ ಅದೇ ಮೊದಲು.

ಜೇಜುರಿಯಲ್ಲಿ ಅತ್ತೆ ಮೆಟ್ಟಿಲು ಹತ್ತಲಾಗದೆ ಕೆಳಗಿನಿಂದಲೇ ಕೈಮುಗಿದು ಕಾಯಿ ಒಡೆದರು. ಎಲ್ಲರ ಹಣೆಗೂ ಗಾಡಿಯ ಹಣೆಗೂ ಅರಿಶಿನದ ಭಂಡಾರ ಬಿತ್ತು. ಹೊರಳಿ ಬರುವಾಗ ಸಾಸವಡದ ಹತ್ತಿರ ಒಬ್ಬ ರೈತ ಕೈ ಅಡ್ಡ ಹಾಕಿದ. ಅವನ ಟೆಂಪೊ ಕೆಟ್ಟು ನಿಂತಿತ್ತು, ಪಕ್ಕದಲ್ಲಿ ಹಸಿ ಬಟಾಣಿಯ ಚೀಲಗಳು ಬಿಸಿಲಿಗೆ ಬಾಡುತ್ತಿದ್ದವು. ಮಾರ್ಕೆಟ್ ಯಾರ್ಡಿಗೆ ಮುಟ್ಟಿಸಬೇಕಂತೆ.

"ಗಾಡಿ ಖಾಲೀ ಆಹೇ ಕಾ?" ಎಂದ, ಗಾಡಿ ಖಾಲಿ ಇದೆಯೇ ಎಂದು.

ಹತ್ತುವುದು ಇಂಜಿನ್ನಿನ ಕೆಲಸ, ಇಳಿಯುವುದು ಬ್ರೇಕಿನ ಕೆಲಸ. ಅದೂ ಮಾಲು ತುಂಬಿದ ಗಾಡಿ. ನಮ್ಮವರು ತಮ್ಮ ತೊಡೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ "ಆಹೇ", ಖಾಲಿ ಇದೆ ಎಂದು, ಹಿಂದಿನ ಬಾಗಿಲು ತೆರೆಯಲು ಇಳಿದು ಹೋದರು.

ಘಾಟು ಇಳಿಯುವಾಗ ಸಣ್ಣ ಗೇರಿನಲ್ಲಿ ಹಿಡಿದು, ತಿರುವು ತಿರುವಿಗೂ ಕಾಲು ಒತ್ತಿ ಬಿಡುತ್ತಿದ್ದರು. ಮೊಣಕಾಲು ನಡುಗುವುದು ನನಗೆ ಕಾಣುತ್ತಿತ್ತು. ನಡುಗಿದರೂ ಒತ್ತುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳುತ್ತಿದ್ದರು. ನಾನು ಕಣ್ಣು ಮುಚ್ಚಲಿಲ್ಲ, ಆ ಕಾಲನ್ನೇ ನೋಡುತ್ತ ಕುಳಿತೆ. ಕೆಳಗೆ ಸಪಾಟು ರಸ್ತೆ ಬಂದಾಗ ನಮ್ಮವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಚಹಾ ಕುಡಿಯೋಣ ಎಂದರು.

ಯಾರ್ಡಿನಲ್ಲಿ ಹಮಾಲರು ಚೀಲ ಇಳಿಸಿದರು. ರೈತ ಹೋಗುವ ಮೊದಲು, ನಾಳೆ ಹೊಲದಲ್ಲಿ ಇನ್ನೊಂದು ಲೋಡಿನಷ್ಟು ಮಾಲು ಇದೆ, ಬರುತ್ತೀರಾ ಎಂದು ಮರಾಠಿಯಲ್ಲಿ ಕೇಳಿದ. ನಾಳೆ ಎಂದರೆ ಭಂಗಾರದವನು ಬರುವ ದಿನ. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು.

"ಸಕಾಳೀಚ್ ಯೇತೋ" ಎಂದರು ನಮ್ಮವರು, ಬೆಳಿಗ್ಗೆಯೇ ಬರುತ್ತೇನೆ ಎಂದು. ನಂತರ ನನ್ನ ಕಡೆ ತಿರುಗಿದರು. "ಆ ಭಂಗಾರದಂವ ಮನಿಗೆ ಬಂದ್ರ ನೀನ ಹೇಳಿಬಿಡು. ಗಾಡಿ ಭಾಡ್ಯಾಕ್ಕ ಹೋಗ್ಯದ, ಮಾಲಕರೂ ಅದರ ಜೋಡಿನ ಹೋಗ್ಯಾರ ಅಂತ."

ಹೂಂ ಎಂದೆ. ಅಷ್ಟೂ ಹಮಾಲರ ಎದುರಿಗೆ, ಬಟಾಣಿ ಚೀಲಕ್ಕೆ ಒರಗಿ ನಿಂತು ಅತ್ತುಬಿಟ್ಟೆ.