ಮೇಷ್ಟ್ರು ಪೆನ್ನು ಮುಚ್ಚಿಟ್ಟ ಸಂಜೆ

ಮೊನ್ನೆ ಬಟ್ಟೆಯ ಕ್ಲಾಸೆಟ್ ಚೊಕ್ಕ ಮಾಡುವಾಗ ಮಗಳ ಹಳೆಯ ಕ್ಲಾರಿನೆಟ್ ಪೆಟ್ಟಿಗೆ ತೆರೆದೆ. ವಾದ್ಯದ ಕೀಲುಗಳ ಕಾರ್ಕಿಗೆ ಹಚ್ಚುತ್ತಿದ್ದ ಮೇಣದ ವಾಸನೆ ಗಪ್ಪೆಂದು ಬಂತು. ಅದರ ಹಿಂದೆಯೇ ಅವಳ ಶಾಲೆಯ ಬ್ಯಾಂಡ್ ಮೇಷ್ಟ್ರು...

ತೊಂಬತ್ತರ ದಶಕ. ನಾವು ಅಮೆರಿಕದ ಕ್ಯಾರಿ ಊರಿಗೆ ಬಂದ ಹೊಸತು. ನನಗೆ ಡ್ರೈವಿಂಗ್ ಬಾರದು. ಶಾಲೆ ನಡೆದು ಹೋಗುವಷ್ಟು ಹತ್ತಿರವಿದ್ದದ್ದು ದೇವರು ಮಾಡಿದ ಉಪಕಾರ. ಬ್ಯಾಂಡಿನ ಮಕ್ಕಳ ಪ್ಯಾಂಟಿನ ಅಂಚು ಹೊಲಿದುಕೊಡಲು ಹೋಗುತ್ತಿದ್ದೆ. "ಅಮ್ಮ, ಸೀರೆಲಿ ಬರ್ಬೇಡ, ಪ್ಲೀಸ್!" ಎಂದು ಮಗಳು ಗೋಗರೆಯುತ್ತಿದ್ದಳು. ಮೇಷ್ಟ್ರು ಮಾತ್ರ ಎದ್ದು ನಿಂತು "ಬನ್ನಿ ಮ್ಯಾಮ್" ಎನ್ನುತ್ತಿದ್ದರು.

ಅವರು ಕಪ್ಪು ಜನಾಂಗದವರು. ಮಕ್ಕಳು ನುಡಿಸುತ್ತಿದ್ದುದೆಲ್ಲ ಬಿಳಿಯರು ಬರೆದ ಸಂಗೀತ. ತಾವು ಹುಡುಗನಾಗಿ ಬ್ಯಾಂಡ್ ಸೇರಿದಂದಿನಿಂದ ತಮ್ಮಂಥವರು ಬರೆದ ಒಂದನ್ನೂ ಶಾಲೆಯಲ್ಲಿ ಕೇಳಿಲ್ಲ ಎಂದಿದ್ದರು ಒಮ್ಮೆ. ಆ ವರ್ಷದ ಕಾನ್ಸರ್ಟಿಗೆ ತಾವೇ ಒಂದು ಬರೆದರು. ಅದು ತಮ್ಮದೆಂದು ಮಕ್ಕಳಿಗೆ ಹೇಳಿರಲಿಲ್ಲ, ಅಚ್ಚಾದ ಹೆಸರು ಕಂಡು ಬೆರಗಾಗಲಿ ಎಂದಿದ್ದರು.

ಆ ಸಂಜೆ ನಾನು ಕಾರ್ಯಕ್ರಮದ ಹಾಳೆಗಳನ್ನು ಮಡಚುತ್ತಿದ್ದೆ. ಮಿಕ್ಕವರ ಹೆಸರೆಲ್ಲ ಇತ್ತು. ಇವರದರ ಮುಂದೆ ಮಾತ್ರ "ಟ್ರೆಡಿಷನಲ್" ಎಂದಿತ್ತು. ಯಾರದೂ ಅಲ್ಲದ್ದು, ಹಿಂದಿನಿಂದ ಬಂದದ್ದು ಎಂಬಂತೆ. ಮತ್ತೆ ಅಚ್ಚು ಹಾಕಿಸಲು ಹೊತ್ತಿಲ್ಲ ಎಂದರಂತೆ ಆಫೀಸಿನವರು. ಮೇಷ್ಟ್ರು ಒಂದೊಂದೇ ಹಾಳೆ ತೆಗೆದು, ಆ ಪದ ಹೊಡೆದುಹಾಕಿ, ತಮ್ಮ ಹೆಸರು ಬರೆಯುತ್ತಿದ್ದರು.

ನೋಡಲಾಗಲಿಲ್ಲ. ನನ್ನ ಹರಕು ಇಂಗ್ಲಿಷಿನಲ್ಲಿ ಸಮಾಧಾನ ಹೇಳಹೋದೆ. "ಬಿಡಿ ಸರ್. ನಮ್ಮ ದಾಸರೂ ಹಾಡಲ್ಲಿ ತಮ್ಮ ಹೆಸರು ಹಾಕ್ತಿರಲಿಲ್ಲ. ದೇವರ ಹೆಸರೇ ಅವರ ಅಂಕಿತ. ದೇವರಿಗೆ ಗೊತ್ತಿದ್ರೆ ಸಾಕು."

"ಯಾವ ಹಾಡು ಯಾವ ದಾಸರದ್ದು ಅಂತ ನಿಮಗೆ ಗೊತ್ತಾಗತ್ತಾ, ಮ್ಯಾಮ್?"

"ಓ! ಅಂಕಿತ ಕೇಳಿದ ಕೂಡಲೇ ಹೇಳ್ತೀನಿ," ಎಂದೆ, ಹೆಮ್ಮೆಯಿಂದ.

"ಅದೃಷ್ಟವಂತರು ಅವರು," ಎಂದು ನಕ್ಕು, ಪೆನ್ನು ಮುಚ್ಚಿ ಜೇಬಿಗಿಟ್ಟರು. ಬರೆದದ್ದು ಹತ್ತೋ ಹನ್ನೆರಡೋ... ಉಳಿದವು ಹಾಗೆಯೇ ಹಂಚಿಹೋದವು. ವೇದಿಕೆಯಲ್ಲೂ ಅವರು ಅದು ತಮ್ಮದೆಂದು ಹೇಳಲಿಲ್ಲ.

ಮರುವರ್ಷ ಅಟ್ಲಾಂಟಾ ಕಡೆಗೆ ಹೊರಟುಹೋದರು. ತೀರಿಕೊಂಡ ಸುದ್ದಿ ಬಹಳ ತಡವಾಗಿ ಬಂತು. ಆ ಕಾನ್ಸರ್ಟಿನ ಸಂಜೆ ನಾನೂ ಒಂದು ಪೆನ್ನು ಹಿಡಿದು ಅವರ ಪಕ್ಕದಲ್ಲಿ ಕೂರಬಹುದಿತ್ತು. ದೇವರು ನನಗೆ ಕೊಟ್ಟದ್ದನ್ನು ದಿನವೂ ನೆನೆಯುತ್ತೇನೆ. ಆ ಹೊತ್ತಿಗೆ ಬೇಕಿದ್ದ ಬುದ್ಧಿಯೊಂದನ್ನು ಕೊಡಲಿಲ್ಲ. ನಾಚಿಕೆಗೆ ಮಗಳಿಗೂ ಹೇಳಿರಲಿಲ್ಲ.

ನಿನ್ನೆ ಫೋನಿನಲ್ಲಿ ಅವಳನ್ನು ಕೇಳಿದೆ, ಆ ಸಂಗೀತ ನೆನಪಿದೆಯಾ ಎಂದು. ಒಂದು ಸ್ವರವೂ ತಪ್ಪದೆ ಗುನುಗಿದಳು.

"ಯಾರು ಬರೆದದ್ದೇ ಅದು?"

"ಯಾರೂ ಇಲ್ಲ ಅಮ್ಮ," ಎಂದಳು. "ಇಟ್ ವಾಸ್ ಟ್ರೆಡಿಷನಲ್."