ಪ್ರೇಮಕುಮಾರಿಯವರು ಆರಿಸಿದ ಜೀಪು

ಮೂಡಿಗೆರೆಯ ಪ್ರೇಮಕುಮಾರಿಯವರು ಸಾಮಾನ್ಯಕ್ಕೆ ಜಗ್ಗುವ ಹೆಂಗಸಲ್ಲ. ತೋಟದ ದಾರಿಯಲ್ಲಿ ಹಾವು ಅಡ್ಡ ಬಂದರೆ ಸೊಂಟಕ್ಕೆ ಕೈಯಿಟ್ಟುಕೊಂಡು ಅದು ದಾಟುವವರೆಗೆ ಕಾಯುವಂಥವರು. ಇಂಥವರು ಮೋಟಾರಿನ ಎದುರು ಮಾತ್ರ ಸೋತಿದ್ದರು. ಬಸ್ಸಾಗಲಿ ಕಾರಾಗಲಿ, ಮೂರನೇ ತಿರುವಿಗೆ ಹೊಟ್ಟೆ ತೊಳಸಿ ವಾಂತಿ. ಮಲೆನಾಡಿನಲ್ಲಿ ಮೂರು ತಿರುವಿಲ್ಲದ ರಸ್ತೆ ಎಲ್ಲಿದೆ ಹೇಳಿ? ಹಾಗಾಗಿ ಐವತ್ತರ ಹತ್ತಿರ ಬಂದರೂ ಅವರದು ನಟರಾಜ ಸರ್ವೀಸೇ. ಹತ್ತಿರದ ಮದುವೆಗಳಿಗೆ ನಡೆದು ಹೋಗುತ್ತಿದ್ದರು, ದೂರದವಕ್ಕೆ ಗಂಡನ ಕೈಯಲ್ಲಿ ಮುಯ್ಯಿ ಕಳಿಸುತ್ತಿದ್ದರು. ಹರಕೆಗೆಂದು ಮೂರು ಸಲ ಧರ್ಮಸ್ಥಳಕ್ಕೆ ಹೋದದ್ದುಂಟು. ಮೂರು ಸಲವೂ ಅರೆಜೀವವಾಗಿ ಮನೆಗೆ ಬಂದಿದ್ದರು. ಅಲ್ಲಿಂದ ಇನ್ನೊಂದಿಷ್ಟು ಮುಂದೆ ಹೋಗಿದ್ದರೆ ಸಮುದ್ರವಿತ್ತು. ಅದನ್ನು ಅವರು ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ.

ಅವರ ಯಜಮಾನರು ಸೋಮಶೇಖರಪ್ಪ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿ, ಗೋಣಿಬೀಡಿನಲ್ಲಿ ಸಣ್ಣದೊಂದು ಕಾಫಿ ತೋಟ. ತೊಂಬತ್ತರ ದಶಕದ ನಡುವೆ ಕಾಫಿಗೆ ಒಳ್ಳೆ ಬೆಲೆ ಬಂದಾಗ ಊರಿನ ಅಂಗಳಗಳಲ್ಲೆಲ್ಲ ಹೊಸ ಗಾಡಿಗಳು ಮಿಂಚತೊಡಗಿದವು. ಸೋಮಶೇಖರಪ್ಪನವರಿಗೂ ಆಸೆ ಹತ್ತಿತು. ಅವರದು ಬರೀ ಓಡಾಟದ ಗಾಡಿಯ ಆಸೆಯಲ್ಲ. ಹಿಂದೆ ಹಾಸಿಗೆ ಹಾಸಿಕೊಂಡು, ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು, ಕತ್ತಲಾದಲ್ಲಿ ನಿಲ್ಲಿಸಿ ಮಲಗುತ್ತಾ ಹಂಪಿ, ಗೋಕರ್ಣ, ಕನ್ಯಾಕುಮಾರಿ ಸುತ್ತುವ ಆಸೆ.

“ದುಡಿದಿದ್ದು ಸಾಕು. ಇನ್ನು ನಾಕು ಊರು ನೋಡಾಣ,” ಎಂದರು ಒಂದು ದಿನ ಊಟಕ್ಕೆ ಕೂತು.

ಪ್ರೇಮಕುಮಾರಿಯವರು ರೊಟ್ಟಿ ಬಡಿಸುತ್ತಾ ಹೂಂ ಎಂದರು. ಹೋಗಿಬರುವುದು ಇವರು, ಫೋಟೋ ನೋಡಿ ಚೆನ್ನಾಗಿದೆ ಅನ್ನುವುದು ತಾನು ಎಂದು ಅವರಿಗೆ ಆಗಲೇ ಗೊತ್ತಿತ್ತು. ದುಃಖವಾಯಿತು. ಗಂಡನ ಜೊತೆ ಹೋಗಬೇಕೆಂಬ ಆಸೆ ಅವರಿಗೂ ಇತ್ತು, ಹೊಟ್ಟೆಯೇ ಬಿಡುತ್ತಿರಲಿಲ್ಲ.

ಗಾಡಿ ಯಾವುದು ಎಂಬಲ್ಲಿ ಸೋಮಶೇಖರಪ್ಪನವರು ಎರಡು ದೋಣಿಯಲ್ಲಿ ಕಾಲಿಟ್ಟಿದ್ದರು. ಒಂದು ಹೊಚ್ಚ ಹೊಸ ಬಿಳಿ ವ್ಯಾನು. ಇನ್ನೊಂದು ಗೋಣಿಬೀಡಿನ ಪ್ಲಾಂಟರ್ ದೇವರಾಜೇಗೌಡರ ಹಳೇ ಜೀಪು. ಜೀಪು ಗಟ್ಟಿಯಾಗಿತ್ತು, ಹಿಂದೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಜಾಗವಿತ್ತು. ಆದರೆ ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಜೀಪಿಗೆ ಹಳೇ ಯಜಮಾನರ ಹೆಸರು ಬಿಟ್ಟು ಹೋಗುವುದಿಲ್ಲ. ಹತ್ತು ವರ್ಷ ಇಟ್ಟುಕೊಂಡರೂ ಅದು ‘ಗೌಡ್ರ ಜೀಪೇ’. ಕನ್ಯಾಕುಮಾರಿಗೆ ಹೋದದ್ದು ಗೌಡರ ಜೀಪು ಎಂದು ಜನ ಆಡಿಕೊಂಡರೆ ತಮ್ಮ ಮರ್ಯಾದೆ ಏನಾಗಬೇಕು ಎಂಬುದು ಸೋಮಶೇಖರಪ್ಪನವರ ಚಿಂತೆ.

ಮೊದಲು ವ್ಯಾನಿನವನು ಮನೆ ಬಾಗಿಲಿಗೆ ಬಂದು ಇಬ್ಬರನ್ನೂ ಕೂರಿಸಿಕೊಂಡು ಹೊರಟ. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ, ಒಳಗೆಲ್ಲ ಹೊಸ ರೆಗ್ಸಿನ್ ವಾಸನೆ. ಪ್ರೇಮಕುಮಾರಿಯವರು ಮೂರನೇ ತಿರುವಿನವರೆಗೂ ಕಾಯಲಿಲ್ಲ. ಹ್ಯಾಂಡ್ ಪೋಸ್ಟ್ ಕೂಡುರಸ್ತೆಯ ಹತ್ತಿರ ಇಳಿದು, ರಸ್ತೆ ಬದಿಯಲ್ಲಿ ಕಾರಿಕೊಂಡು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಮನೆಗೆ ನಡೆದರು. “ಗಾಡಿ ಚೆನ್ನಾಗಿದೆ, ನೀವು ತಗೊಳ್ಳಿ,” ಎಂದರು ಗಂಡನಿಗೆ.

ಮರುವಾರ ದೇವರಾಜೇಗೌಡರೇ ಜೀಪು ತಂದು ಸೋಮಶೇಖರಪ್ಪನವರ ತೋಟದಲ್ಲಿ ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಿದರು. “ಇಲ್ಲೇ ಇರ್ಲಿ ಮಾರಾಯ್ರೆ. ನಾಕು ದಿನ ಓಡ್ಸಿ ನೋಡಿ, ಆಮೇಲೆ ಹೇಳಿ,” ಎಂದು ಕೀ ಕೊಟ್ಟು ಹೋದರು. ಜೀಪಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕಣಕ್ಕೆ ಎಣ್ಣೆ ಬಿದ್ದರೆ ಕಾಫಿಗೆಲ್ಲ ವಾಸನೆ ಹಿಡಿಯುತ್ತದೆ. ಸೋಮಶೇಖರಪ್ಪನವರು ಬಹಳ ಯೋಚನೆ ಮಾಡಿ, ಕಾಫಿ ಮುಚ್ಚುವ ಟಾರ್ಪಾಲನ್ನೇ ಮಡಿಸಿ ಹಾಸಿ, ಜೀಪನ್ನು ಅದರ ಮೇಲೆ ನಿಲ್ಲಿಸಿ, ಉರುಳದ ಹಾಗೆ ಫಸ್ಟ್ ಗೇರಿಗೆ ಹಾಕಿ, ಅಂಗಡಿಗೆ ಹೋದರು.

ಮಧ್ಯಾಹ್ನ ಬಾಬಾಬುಡನ್ ಗಿರಿಯ ದಿಕ್ಕಿನಿಂದ ಮೋಡ ಕಟ್ಟಿತು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಗಿಡಕ್ಕೆ ಅಮೃತ, ಕಣದಲ್ಲಿ ಹರಡಿದ ಕಾಫಿಗೆ ವಿಷ. ಕಾಫಿ ಕಾಯಲು ತೋಟಕ್ಕೆ ನಡೆದು ಬಂದಿದ್ದ ಪ್ರೇಮಕುಮಾರಿಯವರು ಕೆಲಸದ ತಿಮ್ಮಮ್ಮನನ್ನೂ ಇನ್ನಿಬ್ಬರು ಹೆಂಗಸರನ್ನೂ ಸೇರಿಸಿಕೊಂಡು ಕಾಫಿ ರಾಶಿ ಮಾಡಿದರು. ಮುಚ್ಚಲು ನೋಡಿದರೆ ಟಾರ್ಪಾಲು ಜೀಪಿನ ಅಡಿ. ಎಳೆದರು, ಬರಲಿಲ್ಲ. ಜೀಪನ್ನು ನೂಕಿದರು, ಅಲ್ಲಾಡಲಿಲ್ಲ. ಗಂಡಸರೆಲ್ಲ ಮೇಲಿನ ತೋಟದಲ್ಲಿದ್ದರು.

“ಅಮ್ಮಾ, ಕೀ ಅದರಲ್ಲೇ ಐತೆ,” ಎಂದಳು ತಿಮ್ಮಮ್ಮ.

ಪ್ರೇಮಕುಮಾರಿಯವರು ಸೆರಗು ಸಿಕ್ಕಿಸಿ ಹತ್ತಿ ಕೂತು ಕೀ ತಿರುಗಿಸಿದರು. ಜೀಪು ಕುಪ್ಪಳಿಸಿತು, ಗುಡುಗಿತು, ಟಾರ್ಪಾಲಿನಿಂದ ಇಳಿದು ನಡೆಯತೊಡಗಿತು. ಹೊರಡಿಸುವುದೇನೋ ಆಯಿತು, ನಿಲ್ಲಿಸುವುದು ಹೇಗೆಂದು ಅವರಿಗೆ ತಿಳಿಯದು. ಡೀಸೆಲ್ ಗಾಡಿ, ಫಸ್ಟ್ ಗೇರಿನಲ್ಲಿ ತನ್ನ ಪಾಡಿಗೆ ಎಮ್ಮೆಯ ಹಾಗೆ ನಡೆಯುತ್ತದೆ. ಅವರು ಸ್ಟೀರಿಂಗ್ ತಿರುಗಿಸುತ್ತಾ ಕಾಫಿ ರಾಶಿಯ ಸುತ್ತ ಒಂದು ಸುತ್ತು ಬಂದರು. ಇನ್ನೊಂದು ಬಂದರು. ತಿಮ್ಮಮ್ಮ ಟಾರ್ಪಾಲನ್ನು ಎಣ್ಣೆ ಬಿದ್ದ ಮಗ್ಗುಲು ಮೇಲಾಗುವಂತೆ ಹೊದಿಸುತ್ತಾ ಬಿದ್ದು ಬಿದ್ದು ನಗುತ್ತಿದ್ದಳು. ಮಳೆ ಹನಿಯತೊಡಗಿದಾಗ ಪ್ರೇಮಕುಮಾರಿಯವರಿಗೆ ಥಟ್ಟನೆ ಹೊಳೆಯಿತು: ಇಷ್ಟು ಸುತ್ತು ತಿರುಗಿದೆ, ಹೊಟ್ಟೆ ಏನೂ ಅನ್ನಲಿಲ್ಲ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಬೇಕೆಂದೇ ಇನ್ನೊಂದು ಸುತ್ತು ಬಂದರು. ಕೊನೆಗೆ ಜೀಪು ಕಣದ ಮೂಲೆಯ ಕಾಫಿ ಹೊಟ್ಟಿನ ಗುಡ್ಡೆಗೆ ಮೂತಿ ತೂರಿಸಿ ತಾನೇ ನಿಂತಿತು.

ಸಂಜೆ ಸೋಮಶೇಖರಪ್ಪನವರು ಬಂದು ಜೀಪಿನ ಮೂತಿ ನೋಡಿ ತಲೆ ಮೇಲೆ ಕೈಹೊತ್ತರು.

“ಇದೇ ಜೀಪು ಇರ್ಲಿ ರೀ,” ಎಂದರು ಪ್ರೇಮಕುಮಾರಿ. “ನಾನೂ ಬರ್ತೀನಿ. ಆದ್ರೆ ಓಡಿಸೋದು ನಾನು. ಸ್ಟೀರಿಂಗ್ ಹಿಡ್ಕೊಂಡ್ರೆ ನಂಗೆ ಏನೂ ಆಗಲ್ಲ.”

“ಹಂಗಾದ್ರೆ ಹೊಸದ್ರಲ್ಲೇ ಕಲಿಯಮ್ಮ, ಬೇಡ ಅಂದೋರು ಯಾರು?”

“ಹೊಸದಕ್ಕೆ ಒಂದು ಗೆರೆ ಬಿದ್ರೆ ನೀವು ವಾರ ಊಟ ಬಿಡ್ತೀರಿ. ನಾನು ಮುಟ್ಟಕ್ಕಾಗುತ್ತಾ ಅದನ್ನ?”

ಸೋಮಶೇಖರಪ್ಪನವರು ಜೀಪಿನ ಮೂತಿಗೆ ಅಂಟಿದ ಹೊಟ್ಟು ಕೊಡವಿದರು. ಹೆಂಡತಿ ಹೇಳಿದ್ದು ಅಪ್ಪಟ ಸತ್ಯ. ಜೊತೆಗೆ, ನಾನೂ ಬರ್ತೀನಿ ಎಂಬ ಮಾತನ್ನು ಅವರು ಆ ಬಾಯಲ್ಲಿ ಕೇಳಿದ್ದು ಅದೇ ಮೊದಲು. ವ್ಯಾನಿನವನಿಗೆ ಮರುದಿನವೇ ಬೇಡವೆಂದು ಹೇಳಿ ಕಳಿಸಿದರು.

ಮಳೆಗಾಲ ಬರುವವರೆಗೂ ಕಣದಲ್ಲೇ ಪಾಠ ನಡೆಯಿತು. ಕಣದ ಕಟ್ಟೆ ಎರಡು ಕಡೆ ಮುಕ್ಕಾಯಿತು, ಜೀಪಿಗೆ ಹೊಸ ನಗ್ಗುಗಳು ಬಿದ್ದವು, ಹಳೆಯ ನಗ್ಗುಗಳ ನಡುವೆ ಅವು ಎದ್ದು ಕಾಣಲೂ ಇಲ್ಲ. ಚಿಕ್ಕಮಗಳೂರಿಗೆ ಹೋಗಿ ಲೈಸೆನ್ಸೂ ಆಯಿತು. ಅವರು ಜೀಪು ಓಡಿಸಿಕೊಂಡು ಬಂದಾಗ ಪೇಟೆಯಲ್ಲಿ ಜನ ಅಂಗಡಿ ಬಿಟ್ಟು ಹೊರಗೆ ಬಂದು ನೋಡಿದರು. ಪ್ರೇಮಕುಮಾರಿಯವರು ಯಾರನ್ನೂ ನೋಡಲಿಲ್ಲ, ಅವರಿಗೆ ರಸ್ತೆ ನೋಡುವುದೇ ಸಾಕಾಗಿತ್ತು.

ಮಳೆ ಹಿಂದಾದ ಮೇಲೆ, ಹಾಸಿಗೆ ಸ್ಟೌ ಹೇರಿಕೊಂಡು ಸಮುದ್ರ ನೋಡಲು ಹೊರಟರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯತೊಡಗಿದರು. ಸೋಮಶೇಖರಪ್ಪನವರು ಪ್ರತಿ ತಿರುವಿನಲ್ಲೂ ತಮ್ಮ ಕಡೆ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. ಒಂದು ತಿರುವು ದಾಟಿದ ಮೇಲೆ ಪ್ರೇಮಕುಮಾರಿಯವರು ಜೀಪನ್ನು ಬದಿಗೆ ತಂದು ನಿಲ್ಲಿಸಿದರು. ಬಂಡೆಯ ಮೇಲಿಂದ ಬೆಳ್ಳಗೆ ನೀರು ಬೀಳುತ್ತಿತ್ತು.

“ರೀ, ಈ ಅಬ್ಬಿ ಯಾವಾಗಿಂದ ಇದೆ ಇಲ್ಲಿ?”

“ಮದುವೆ ಆದ ವರ್ಷ ಧರ್ಮಸ್ಥಳಕ್ಕೆ ಹೋಗ್ಬೇಕಾದ್ರೂ ಇತ್ತು. ನಿಂಗೆ ತೋರಿಸ್ದೆ. ನೀನು ಕಣ್ಣು ಮುಚ್ಕೊಂಡು ನನ್ನ ಹೆಗಲ ಮೇಲೆ ಬಿದ್ದಿದ್ದೆ.”

ಪ್ರೇಮಕುಮಾರಿಯವರು ಮತ್ತೊಮ್ಮೆ ನೀರನ್ನು ನೋಡಿದರು. ಕಣ್ಣು ತುಂಬಿತು, ಒರೆಸಿಕೊಂಡರು. ಆಮೇಲೆ ಗೇರು ಹಾಕಿದರು.

“ಇನ್ನೂ ಏನೇನಿದೆ, ಎಲ್ಲ ಹೇಳ್ತಾ ಬನ್ನಿ. ನಾನು ನೋಡ್ತಾ ಬರ್ತೀನಿ.”

“ಹೇಳ್ತೀನಿ ಮಾರಾಯ್ತಿ. ಮೊದ್ಲು ರಸ್ತೆ ನೋಡು.”